ದೀಪ ಹಚ್ಚುವ ಹೊತ್ತಿನ ಹಾಡು

ಸಂತೋಷವೆಂಬುದು ಬಿಡುವಾದಾಗ ಹುಡುಕಿಕೊಂಡು ಹೋಗತಕ್ಕ ವಸ್ತುವೆಂದು ನಾವೆಲ್ಲರೂ ಹೇಗೋ ನಂಬಿಬಿಟ್ಟಿದ್ದೇವೆ. ಮಕ್ಕಳ ಪರೀಕ್ಷೆ ಮುಗಿಯಲಿ, ಸಾಲ ತೀರಲಿ, ಮನೆಯ ಮಾಡು ದುರಸ್ತಿಯಾಗಲಿ, ಆಮೇಲೆ ನೋಡೋಣ ಎನ್ನುತ್ತಾ ವರ್ಷಗಳನ್ನು ಕಳೆಯುತ್ತೇವೆ. ಕಳೆದ ಧನುರ್ಮಾಸದಲ್ಲಿ ಪಾಪಿರೆಡ್ಡಿಪಟ್ಟಿಯ ಒಂದು ಮನೆಯಲ್ಲಿ ಎರಡು ದಿನ ಉಳಿಯುವ ಸಂದರ್ಭ ಒದಗದೆ ಹೋಗಿದ್ದರೆ ನಾವು ಇನ್ನೂ ಹಾಗೆಯೇ ತಿಳಿದುಕೊಂಡಿರುತ್ತಿದ್ದೆವು.

ಪಾಪಿರೆಡ್ಡಿಪಟ್ಟಿ ಇರುವುದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ. 1965ರಲ್ಲಿ ಆ ಜಿಲ್ಲೆ ಬೇರೆಯಾಗುವ ತನಕ ಇದು ಸೇಲಂ ಜಿಲ್ಲೆಗೆ ಸೇರಿತ್ತು. ಪಡುವಣದಲ್ಲಿ ಸೇರ್ವರಾಯನ್ ಬೆಟ್ಟಸಾಲು ಎದ್ದು ನಿಂತಿರುವುದರಿಂದ ಇಲ್ಲಿ ಸಂಜೆಯಾಗುವುದು ತುಸು ಬೇಗ. ಇಷ್ಟು ದೂರದಲ್ಲಿ ಕನ್ನಡದ ಮನೆಯೇ ಎಂದು ವಾಚಕರು ಹುಬ್ಬೇರಿಸಬೇಕಾಗಿಲ್ಲ. ಒಂಬತ್ತನೆಯ ಶತಮಾನದ ನೊಳಂಬ ಅರಸರ ಕನ್ನಡ ಶಾಸನ ಧರ್ಮಪುರಿಯಲ್ಲೇ ದೊರೆತಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಕಂಪೆನಿಯ ಕೈಗೆ ಹೋಗುವವರೆಗೆ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಮೈಸೂರಿನ ಆಡಳಿತದಲ್ಲಿದ್ದವು. ಸೇಲಂ ನಗರದ ದೇವಾಂಗ ನೇಕಾರರು ಮನೆಯೊಳಗೆ ಕನ್ನಡವನ್ನಾಡುವುದು ಎಲ್ಲರಿಗೂ ತಿಳಿದ ಸಂಗತಿ.

ನಾವು ಇಳಿದುಕೊಂಡ ಮನೆಯ ಅಜ್ಜಿ ಅಂತಹ ನೇಕಾರರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಮಗನದು ಚಿಕ್ಕದೊಂದು ಬಟ್ಟೆ ಅಂಗಡಿ. ಸೊಸೆಯ ತಾಯ್ನುಡಿ ತಮಿಳು. ಹೊಸೂರು, ತಾಳವಾಡಿಗಳ ಕಡೆಯಲ್ಲಿ ಕನ್ನಡ ಶಾಲೆಗಳುಂಟು; ಈ ಮನೆಯ ಮಕ್ಕಳಾದರೋ ತಮಿಳಿನಲ್ಲೇ ಓದಿದವರು. ಕನ್ನಡ ಅವರ ಕಿವಿಯಲ್ಲಿದೆ, ನಾಲಿಗೆಯಲ್ಲಿ ಅರ್ಧದಷ್ಟಿದೆ, ಕಣ್ಣಿಗೆ ಮಾತ್ರ ಅದರ ಪರಿಚಯವಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಹಾಡುತ್ತಾರೆ. ಅದಕ್ಕೆಂದು ಅವರು ಬೇರೆ ವೇಳೆಯನ್ನು ಮೀಸಲಿಟ್ಟವರಲ್ಲ. ಬತ್ತಿ ಹೊಸೆಯುವಾಗ ಶ್ರುತಿ ಹಿಡಿಯುತ್ತಾರೆ, ಎಣ್ಣೆ ಎರೆಯುವಾಗ ಪಲ್ಲವಿ ಬರುತ್ತದೆ, ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಕೇಳಿದರೆ ಚರಣವನ್ನು ಅಲ್ಲಿಯೇ ನಿಲ್ಲಿಸಿ ಎದ್ದುಹೋಗಿ, ಹಾಲು ಇಳಿಸಿ ಬಂದು, ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾರೆ. ಮೊಮ್ಮಗಳು ಹೋಂವರ್ಕು ಮಾಡುತ್ತಾ ದನಿಗೂಡಿಸುತ್ತಾಳೆ. ಸಭೆಯಲ್ಲಿ ಕೇಳಿದ ಎಷ್ಟೋ ಕಚೇರಿಗಳಿಗಿಂತ ಈ ಹಾಡು ನಮಗೆ ಹಿತವೆನಿಸಿತು. ಶಾರೀರ ನಡುಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹುಡುಗಿ ಊರಿನಲ್ಲೇ ಸಂಗೀತ ಪಾಠಕ್ಕೆ ಹೋಗುತ್ತಾಳೆ. ತಮಿಳುನಾಡಿನ ಯಾವ ಮೂಲೆಯಲ್ಲಾದರೂ ಮಗುವೊಂದು ಕರ್ನಾಟಕ ಸಂಗೀತಕ್ಕೆ ಕುಳಿತಿತೆಂದರೆ, ಸರಳೆ, ಜಂಟಿ, ಅಲಂಕಾರಗಳಾದ ಮೇಲೆ ಬಾಯಿಗೆ ಬರುವುದು ಪುರಂದರದಾಸರ ಹೆಸರಿನ ಪಿಳ್ಳಾರಿ ಗೀತೆಗಳು. ದಾಸರ ಕಾಲ 1484ರಿಂದ 1564 ಎಂದು ರೂಢಿ. ಐನೂರು ವರ್ಷಗಳ ಹಿಂದಿನ ಆ ಕ್ರಮ ಇಂದಿಗೂ ನಡೆದಿದೆ. ಆ ಪೈಕಿ ಕೆರೆಯ ನೀರನ್ನು ಕುರಿತ ಮಲಹರಿಯ ಗೀತೆಯನ್ನು ಹುಡುಗಿ ಕಲಿತುಬಂದ ದಿನ ಮನೆಯಲ್ಲಿ ದೊಡ್ಡ ಚರ್ಚೆಯಾಯಿತಂತೆ. ತಮಿಳಿನಲ್ಲಿ ಕರೆಯೆಂದರೆ ದಡ, ಏರಿಯೆಂದರೆ ಕೆರೆ. ಕನ್ನಡದಲ್ಲಾದರೋ ಕೆರೆಯೆಂದರೆ ನೀರು ನಿಲ್ಲುವ ಜಾಗ, ಏರಿಯೆಂದರೆ ಅದರ ದಂಡೆ. ದಡದ ನೀರನ್ನು ದಡಕ್ಕೇ ಚೆಲ್ಲುವುದೇಕೆ ಎಂದು ಹುಡುಗಿಯ ಪ್ರಶ್ನೆ. ಅಜ್ಜಿ ಅವಳ ಕೈಹಿಡಿದು ಊರಾಚೆಯ ಕೆರೆಯ ಮೇಲಕ್ಕೆ ಕರೆದೊಯ್ದು, ಬೊಗಸೆಯಲ್ಲಿ ನೀರೆತ್ತಿ ಮತ್ತೆ ಅಲ್ಲಿಗೇ ಬಿಟ್ಟು, "ಇದೇ ಕೆರೆ, ನಾವು ನಿಂತದ್ದು ಏರಿ, ನಮ್ಮದಲ್ಲದ್ದನ್ನು ಒಡೆಯನಿಗೇ ಕೊಟ್ಟೆವು" ಎಂದರಂತೆ. ಸೊಸೆ ಈ ಕಥೆಯನ್ನು ತಮಿಳಿನಲ್ಲಿ ಹೇಳುತ್ತಿದ್ದರು. ಆ ಒಂದು ವಾಕ್ಯವನ್ನು ಮಾತ್ರ ಕನ್ನಡದಲ್ಲೇ ಹೇಳಿದರು. ಎರಡು ನೆರೆನುಡಿಗಳು ಒಂದೇ ಕೆರೆಯ ನೀರಿಗೂ ದಂಡೆಗೂ ಹೆಸರುಗಳನ್ನು ಹೀಗೆ ಅದಲುಬದಲು ಮಾಡಿಕೊಂಡಿರುವುದು ನಮಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ದಾಸರ ಪದಗಳನ್ನು ತಮಿಳುನಾಡಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಎಂ. ಎಲ್. ವಸಂತಕುಮಾರಿಯವರ ಹೆಸರನ್ನು ಹೇಳಲೇಬೇಕು. ಅವರು ಕನ್ನಡನಾಡಿನಲ್ಲಿ ಹುಟ್ಟಿದವರಲ್ಲ. ತಾಯಿ ಲಲಿತಾಂಗಿಯವರಿಂದ ದೇವರನಾಮಗಳ ಒಲವನ್ನು ಪಡೆದು, 1977ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾಗಿ, 1990ರಲ್ಲಿ ತೀರಿಕೊಂಡರು. ಅಜ್ಜಿ ಅವರ ಹಾಡುಗಳನ್ನು ರೇಡಿಯೋದಿಂದಲೇ ಕಲಿತವರು. ಮಗ್ಗದ ಮನೆಯ ಮೂಲೆಯಲ್ಲಿ ರೇಡಿಯೋ, ಕುಳಿಯಲ್ಲಿ ಕಾಲಿಳಿಬಿಟ್ಟು ಕುಳಿತ ತಂದೆ, ತುಳಿಮಣೆಯ ಲಯಕ್ಕೆ ಸರಿಯಾಗಿ ಓಡುವ ಲಾಳಿ. "ಹಾಡಿನಲ್ಲಿ ಮೈಮರೆತರೆ ಎಳೆ ಕಡಿಯುತ್ತದೆ, ಎಳೆಯನ್ನೇ ನೋಡುತ್ತಿದ್ದರೆ ಹಾಡು ತಪ್ಪುತ್ತದೆ. ಎರಡನ್ನೂ ಕೂಡಿಸಿಕೊಂಡು ಕೂರುವುದನ್ನು ಅಪ್ಪ ಕಲಿತಿದ್ದರು" ಎಂದರು ಅಜ್ಜಿ. ದೇವಾಂಗರು ತಮ್ಮ ಹಿರಿಯನೆಂದು ನೆನೆಯುವ ದೇವರ ದಾಸಿಮಯ್ಯನೂ ನೇಕಾರನೇ ಅಲ್ಲವೇ? ಮುದನೂರಿನ ಆ ವಚನಕಾರನಿಗೆ ರಾಮನಾಥನ ನೆನಪು ಮಗ್ಗದಿಂದ ಬೇರೆಯಾಗಿರಲಿಲ್ಲ.

ಈಗ ಎಚ್ಚರದಿಂದಿರುವುದನ್ನು ಕಲಿಸುವ ತರಗತಿಗಳು ನಗರಗಳಲ್ಲಿ ನಡೆಯುತ್ತಿವೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಜಾನ್ ಕಬಟ್-ಜಿನ್ ಎಂಬವರು, ನೋವಿನಿಂದ ಬಳಲುವ ರೋಗಿಗಳಿಗೆ ಎಂಟು ವಾರಗಳ ಶಿಕ್ಷಣವನ್ನು ಆರಂಭಿಸಿದರು. ಉಸಿರನ್ನು ಗಮನಿಸುವುದು, ಮೈಯ ಒಂದೊಂದು ಅಂಗದ ಕಡೆಗೂ ಮನಸ್ಸನ್ನು ಒಯ್ಯುವುದು, ಒಂದೇ ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ರುಚಿ ನೋಡುವುದು ಅಲ್ಲಿಯ ಅಭ್ಯಾಸಗಳು. ಅದರಿಂದ ಅನೇಕರಿಗೆ ನೆಮ್ಮದಿ ದೊರೆತಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ: "ಉಸಿರನ್ನು ನೋಡುವಾಗ ಅವರು ಯಾರನ್ನು ನೆನೆಯುತ್ತಾರೆ?" ನಮ್ಮಲ್ಲಿ ಉತ್ತರವಿರಲಿಲ್ಲ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೊದಲ ಸಂಜೆ ನಾವು ಮೊಬೈಲ್ ಫೋನನ್ನು ದೀಪದೆದುರು ಹಿಡಿದು ಅಜ್ಜಿಯ ಹಾಡುಗಳನ್ನು ಮುದ್ರಿಸಿಕೊಳ್ಳುತ್ತಿದ್ದೆವು. ದನಿ ಸರಿಯಾಗಿ ಬೀಳುತ್ತಿದೆಯೇ, ಬ್ಯಾಟರಿ ಉಳಿದಿದೆಯೇ ಎಂಬುದೇ ಚಿಂತೆ. ಮಂಗಳಾರತಿಯಾದ ಮೇಲೆ, ಎರಡನೆಯದಾಗಿ ಹಾಡಿದ್ದು ನಿಮಗೆ ಹಿಡಿಸಿತೇ ಎಂದು ಅವರು ಕೇಳಿದಾಗ, ಅದು ಯಾವ ಹಾಡೆಂಬುದೇ ನಮಗೆ ನೆನಪಾಗಲಿಲ್ಲ. ಯಂತ್ರ ಕೇಳಿತ್ತು, ನಾವು ಕೇಳಿರಲಿಲ್ಲ. ಮರುದಿನ ಫೋನನ್ನು ಚೀಲದಲ್ಲೇ ಬಿಟ್ಟೆವು.

ಆ ಮರುದಿನ ಬೆಳಗಿನ ಜಾವ ಬೀದಿಯಲ್ಲಿ ಭಜನೆಯ ತಂಡ ಬಂದಿತು. ತಮಿಳರಿಗೆ ಅದು ಮಾರ್ಗಳಿ ತಿಂಗಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ತಾಳದ ಸದ್ದು ಕೇಳಿಸಿದ ಎಷ್ಟೋ ಹೊತ್ತಿಗೆ ಮನುಷ್ಯರು ಕಾಣಿಸಿದರು. ಆಂಡಾಳಿನ ತಿರುಪ್ಪಾವೈ ಹಾಡುತ್ತಾ ಬಂದವರು ಈ ಮನೆಯ ರಂಗೋಲಿಯ ಮುಂದೆ ನಿಂತರು. ಅಜ್ಜಿ ಶಾಲು ಹೊದ್ದು ಹೊಸ್ತಿಲಿಗೆ ಬಂದು ಒಂದು ದೇವರನಾಮ ಹಾಡಿದರು, ತಂಡದವರೆಲ್ಲ ಪಲ್ಲವಿಯನ್ನು ಎತ್ತಿಕೊಂಡರು. ಅವರಿಗೆ ಪದಗಳ ಅರ್ಥ ಪೂರ್ತಿ ತಿಳಿದಿತ್ತೆಂದು ತೋರಲಿಲ್ಲ. ಅಜ್ಜಿಯೂ ತಿರುಪ್ಪಾವೈಯ ಹಳೆಯ ತಮಿಳನ್ನು ಹಾಗೆಯೇ ಹಾಡುತ್ತಾರೆ ಎಂದು ಸೊಸೆ ನಕ್ಕರು. ಸುಂಡಲ್ ಹಂಚಿದರು, ತಂಡ ಮುಂದಿನ ಮನೆಗೆ ಹೋಯಿತು, ಮಗ ಅಂಗಡಿಯ ಬೀಗದ ಕೈ ಹುಡುಕತೊಡಗಿದರು.

ನಮ್ಮನ್ನು ಕಾಡಿದ ಸಂಗತಿ ಬೇರೊಂದಿದೆ. ಅಜ್ಜಿಯ ಬಳಿ ಒಂದು ಹಾಡಿನ ಪುಸ್ತಕವಿದೆ. ಅವರ ತಾಯಿ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟದ್ದು, ಅಂಚು ಸವೆದು ಕಂದಿದೆ. ಮನೆಯಲ್ಲಿ ಅದನ್ನು ಓದಬಲ್ಲವರು ಅಜ್ಜಿಯೊಬ್ಬರೇ, ಅವರಿಗೂ ಕಣ್ಣು ಮಂಜಾಗಿದೆ. ಅವರು ನೆನಪಿನಿಂದ ಹೇಳಿದಂತೆ ಮೊಮ್ಮಗಳು ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ತಮಿಳಿನಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಸಂಗೀತ ಪುಸ್ತಕಗಳಲ್ಲಿ ಮಾಡುವಂತೆ ಅವಳು ಅದರ ತಲೆಯ ಮೇಲೆ 2, 3, 4 ಎಂಬ ಪುಟ್ಟ ಅಂಕಿಗಳನ್ನಿಟ್ಟು ಭೇದ ತೋರಿಸುತ್ತಾಳೆ. ಆದರೆ ಅಜ್ಜಿಯ ಳಕಾರದ ಒತ್ತು, ಮುಗಿಯುವ ಮುನ್ನ ಉಸಿರೆಳೆಯುವ ಎಡೆ, ಇವಕ್ಕೆ ಅಂಕಿಯಿಲ್ಲ. ಅವು ಇರುವುದು ಆ ಸಂಜೆಗಳಲ್ಲಿ ಮಾತ್ರ.

ಹೊರಡುವ ಮುನ್ನ ಹುಡುಗಿ ತನ್ನ ನೋಟುಬುಕ್ಕನ್ನು ತಂದು, ಕೆರೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ ಎಂದಳು. ಬರೆದೆವು. ಅವಳು ಅದರ ಕೆಳಗೆ ನಾಲ್ಕು ಸಲ ತಿದ್ದಿ, ಅಜ್ಜಿಯ ಹಳೆಯ ಪುಸ್ತಕವನ್ನು ತೆರೆದು, ಅದೇ ಪದ ಎಲ್ಲಿದೆಯೆಂದು ಬೆರಳಿಟ್ಟು ಹುಡುಕುತ್ತಾ ಕುಳಿತಳು. ನಾವು ಬಸ್ಸಿಗೆಂದು ಎದ್ದಾಗ ಅವಳು ಮೂರನೆಯ ಪುಟದಲ್ಲಿದ್ದಳು.