ಬದಲಾವಣೆಗೆ ಮುನ್ನ ಒಂದು ಮಾತು

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಹೊಸ ತರಗತಿ, ಹೊಸ ಶಿಕ್ಷಕರು, ಹೊಸ ದಾರಿ. ಭದ್ರಾವತಿಯಿಂದ ಶಿವಮೊಗ್ಗದ ಶಾಲೆಗೆ ಸೇರುವ ಮಗುವಿಗೆ ಸುಮಾರು 20 ಕಿಲೋಮೀಟರಿನ ಬಸ್ ಪ್ರಯಾಣವೂ ಹೊಸದೇ. ಬಹುಪಾಲು ಮಕ್ಕಳು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತಾರೆ. ಆದರೆ ಆಟಿಸಂ ಹಾಗೂ ಎಡಿಎಚ್‌ಡಿ ಎರಡೂ ಇರುವ ಮಗುವಿಗೆ ಇದು ಕಠಿಣ ಕಾಲ. ಅದು ಅತ್ತರೆ, ಕಿವಿ ಮುಚ್ಚಿ ಕುಳಿತರೆ, 'ಮುದ್ದು ಹೆಚ್ಚಾಯಿತು' ಎಂದು ತೀರ್ಪು ಕೊಡುವವರಿಗೆ ಕೊರತೆಯಿಲ್ಲ.

ಇದು ಹಟವಲ್ಲ. ಆಟಿಸಂ ಇರುವ ಮನಸ್ಸಿಗೆ ಮುಂದೇನೆಂದು ತಿಳಿದಿದ್ದರೆ ನೆಮ್ಮದಿ. ಎಡಿಎಚ್‌ಡಿ ಇರುವ ಮನಸ್ಸಿಗೆ ಒಂದೇ ಕ್ರಮ ಬೇಸರ ತರುತ್ತದೆ. ಕಾಲದ ಅಳತೆ ಸಿಗುವುದಿಲ್ಲ, ಹಿಡಿದ ಕೆಲಸ ಬಿಡಲೂ ಹೊಸದನ್ನು ಆರಂಭಿಸಲೂ ಕಷ್ಟ. ಎರಡೂ ಒಬ್ಬರಲ್ಲೇ ಇದ್ದಾಗ ಒಳಗೇ ಎಳೆದಾಟ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ಇವೆರಡನ್ನೂ ಒಟ್ಟಿಗೆ ಗುರುತಿಸಲು ಅವಕಾಶ ಕೊಟ್ಟದ್ದು 2013ರಲ್ಲಿ ಮಾತ್ರ. ಆದ್ದರಿಂದ ಹೆಸರೇ ತಿಳಿಯದೆ ಇದನ್ನು ಹೊತ್ತು ನಡೆದ ಹಿರಿಯರೂ ನಮ್ಮ ನಡುವೆ ಇದ್ದಾರು.

ಪರಿಹಾರದ ಸುಳಿವು ನಮಗೆ ಪರಿಚಿತವಾದ ಬಲಿಪೂಜೆಯಲ್ಲೇ ಇದೆ. ಅದರ ಕ್ರಮ ಬದಲಾಗದು. ವಾಚನಗಳು ಮಾತ್ರ ವಾರವಾರವೂ ಹೊಸತು. ಕ್ರಿಸ್ತ ಜಯಂತಿಯೂ ಥಟ್ಟನೆ ಬರುವುದಿಲ್ಲ. ಆಗಮನ ಕಾಲದ ನಾಲ್ಕು ವಾರ ಒಂದೊಂದೇ ಮೇಣದಬತ್ತಿ ಹಚ್ಚಿ ಅದನ್ನು ಎದುರುಗೊಳ್ಳುತ್ತೇವೆ. ಮನೆಯಲ್ಲೂ ಹಾಗೆಯೇ ಮಾಡೋಣ. ಬೆಳಗಿನ ಕೆಲಸಗಳ ಚಿತ್ರಗಳನ್ನು ಕ್ರಮವಾಗಿ ಗೋಡೆಗೆ ಅಂಟಿಸೋಣ. ಆ ಕ್ರಮದೊಳಗೆ ಸಣ್ಣ ಆಯ್ಕೆಯೊಂದನ್ನು ಮಗುವಿಗೇ ಬಿಡೋಣ. ಶಾಲೆ ತೆರೆಯುವ ಮುನ್ನವೇ ಖಾಲಿ ತರಗತಿಯನ್ನು ತೋರಿಸಿ ಬರೋಣ. 'ಇನ್ನು ಐದು ನಿಮಿಷ' ಎಂದು ಹೇಳುವುದರ ಜೊತೆಗೆ ಗಡಿಯಾರವನ್ನೂ ಎದುರಿಗಿಡೋಣ. ಪಾಸ್ಖ ಜಾಗರಣೆಯ ಕತ್ತಲೆ, ನಂತರ ಮೊಳಗುವ ಗಂಟೆಗಳ ಬಗ್ಗೆ ಮೊದಲೇ ತಿಳಿಸೋಣ. ಮನೆಗೆ ಮರಳಿದ ಮೇಲೆ ಪ್ರಶ್ನೆಗಳ ಮಳೆಗರೆಯದೆ ಸ್ವಲ್ಪ ಹೊತ್ತು ಮೌನವಾಗಿ ಬಿಡೋಣ.

ಕಾಗದ ಕಾರ್ಖಾನೆ ನಿಂತ ಮೇಲೆ ಬದುಕನ್ನೇ ಬದಲಿಸಿಕೊಳ್ಳಬೇಕಾಗಿ ಬಂದ ಭದ್ರಾವತಿಗೆ ಬದಲಾವಣೆಯ ಭಾರ ಗೊತ್ತು. ದೊಡ್ಡವರಿಗೇ ಆ ಭಾರವಾದರೆ, ಮುನ್ಸೂಚನೆಯಿಲ್ಲದ ಮಗುವಿಗೆ ಎಷ್ಟಾದೀತು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಹಾಗೂ ಸಲಹೆ ದೊರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಆಟಿಸಂ ಅನ್ನು ಅಂಗವೈಕಲ್ಯವೆಂದು ಮಾನ್ಯಮಾಡಿದೆ. ಶಾಲೆಯಲ್ಲಿ ಅಗತ್ಯ ಅನುಕೂಲ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಇನ್ನು ಭಾನುವಾರದ ಪೂಜೆಯಲ್ಲಿ ಇಂತಹ ಮಗು ಎದ್ದು ಓಡಾಡಿದರೆ, ತಾಯಿಯತ್ತ ತಿರುಗಿ ನೋಡದೆ ಜಾಗ ಬಿಟ್ಟುಕೊಡುವುದು ನಮ್ಮೆಲ್ಲರ ಪಾಲಿನ ಕೆಲಸ.