ಎಂಟು ದಿನದ ಅರಮನೆಗಳು

ಜಪಾನಿನ ಸಪ್ಪೊರೊ ನಗರದ ನಟ್ಟನಡುವೆ ಒದೋರಿ ಎಂಬ ಪಾರ್ಕು ಇದೆ. ಅಗಲ ಕಡಿಮೆ, ಉದ್ದ ಸುಮಾರು ಒಂದೂವರೆ ಕಿಲೋಮೀಟರು. ಬೆಂಕಿ ಬಿದ್ದರೆ ಊರಿನ ಒಂದು ಭಾಗದಿಂದ ಇನ್ನೊಂದಕ್ಕೆ ಹಬ್ಬದಿರಲಿ ಎಂದು 1871ರಲ್ಲಿ ಬಿಟ್ಟ ಖಾಲಿ ಜಾಗ ಅದು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಚಳಿಗಾಲಗಳಲ್ಲಿ ಅದು ಊರಿನ ತಿಪ್ಪೆಯಂತಾಗಿತ್ತು. ಬೀದಿಗಳಿಂದ ಬಾಚಿದ ಹಿಮವನ್ನೆಲ್ಲ ತಂದು ಅಲ್ಲಿ ಸುರಿಯುತ್ತಿದ್ದರು. 1950ರ ಫೆಬ್ರವರಿಯಲ್ಲಿ ಊರಿನ ಶಾಲಾ ವಿದ್ಯಾರ್ಥಿಗಳು ಅದೇ ಜಾಗದಲ್ಲಿ ಹಿಮದ ಆರು ಪ್ರತಿಮೆಗಳನ್ನು ಮಾಡಿ ನಿಲ್ಲಿಸಿದರು. ನೋಡಲು ಸುಮಾರು 50,000 ಜನ ಬಂದರು.

ಇಂದು ವರ್ಷಕ್ಕೆ ಸುಮಾರು 20 ಲಕ್ಷ ಜನರನ್ನು ಸೆಳೆಯುವ 'ಯುಕಿ ಮತ್ಸುರಿ' ಹುಟ್ಟಿದ್ದು ಹೀಗೆ. ಯುಕಿ ಎಂದರೆ ಹಿಮ, ಮತ್ಸುರಿ ಎಂದರೆ ಹಬ್ಬ.

ಸಪ್ಪೊರೊ ಇರುವುದು ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದಲ್ಲಿ. ಸೈಬೀರಿಯಾದ ಕಡೆಯಿಂದ ಬೀಸುವ ಕೊರೆಯುವ ಗಾಳಿ ಸಮುದ್ರ ದಾಟುವಾಗ ನೀರಿನ ಪಸೆ ಹೀರಿಕೊಂಡು ಬಂದು ಇಲ್ಲಿ ಹಿಮವಾಗಿ ಸುರಿಯುತ್ತದೆ. ಒಂದು ಚಳಿಗಾಲದಲ್ಲಿ ಬೀಳುವುದನ್ನೆಲ್ಲ ಕೂಡಿದರೆ ಐದು ಮೀಟರಿನ ಹತ್ತಿರ ಬರುತ್ತದೆ. ಸುಮಾರು 20 ಲಕ್ಷ ಜನ ಬಾಳುವ ಊರಿನಲ್ಲಿ ಇಷ್ಟು ಹಿಮ ಬಿತ್ತೆಂದರೆ ಅದು ಚಿತ್ರಪಟದ ಸೊಬಗಾಗಿ ಉಳಿಯುವುದಿಲ್ಲ. ಬೆಳಗಾದರೆ ಸಲಿಕೆ ಹಿಡಿದು ಬಾಗಿಲ ಮುಂದಿನಿಂದ ಎತ್ತಿ ಹಾಕಬೇಕಾದ ದುಡಿಮೆಯಾಗುತ್ತದೆ. ಎತ್ತಿ ಎಸೆಯುವ ವಸ್ತುವನ್ನೇ ಎತ್ತಿ ನಿಲ್ಲಿಸಬಹುದು ಎಂದು ಆ ಮಕ್ಕಳಿಗೆ ಹೊಳೆಯಿತಲ್ಲ, ಈ ಹಬ್ಬದ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ.

ಮೂರೇ ವರ್ಷಗಳಲ್ಲಿ, 1953ರಲ್ಲಿ, 15 ಮೀಟರ್ ಎತ್ತರದ ಪ್ರತಿಮೆ ಎದ್ದಿತು. ಅದನ್ನು ಕಟ್ಟಿದವರೂ ವಿದ್ಯಾರ್ಥಿಗಳೇ. 1955ರಲ್ಲಿ ಜಪಾನಿನ ಸ್ವರಕ್ಷಣಾ ಪಡೆ ಕೈಜೋಡಿಸಿತು. ಆ ಪಡೆ ಹುಟ್ಟಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಅಂದಿನಿಂದ ಇಂದಿನವರೆಗೂ ದೊಡ್ಡ ಪ್ರತಿಮೆಗಳಲ್ಲಿ ಕೆಲವನ್ನು ಸೈನಿಕರು ಕಟ್ಟುತ್ತಾರೆ. 1972ರಲ್ಲಿ ಇಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು, ಹಬ್ಬದ ಹೆಸರು ಜಗತ್ತಿಗೆ ಮುಟ್ಟಿತು. 1974ರಲ್ಲಿ ತೈಲದ ಅಭಾವ ಎದುರಾಗಿ ಹಿಮ ಸಾಗಿಸುವ ಲಾರಿಗಳಿಗೆ ಇಂಧನ ಸಾಲದಾಯಿತು. ಹಬ್ಬ ನಿಲ್ಲಿಸಲಿಲ್ಲ, ಇರುವ ಹಿಮವೇ ಸಾಲಲೆಂದು ಡ್ರಮ್ಮುಗಳನ್ನು ಅಡಿಪಾಯ ಮಾಡಿಕೊಂಡು ಪ್ರತಿಮೆ ಕಟ್ಟಿದರು. ಹೊರದೇಶಗಳ ತಂಡಗಳು ಭಾಗವಹಿಸುವ ಅಂತರರಾಷ್ಟ್ರೀಯ ಸ್ಪರ್ಧೆ ಶುರುವಾದದ್ದೂ ಅದೇ ವರ್ಷ.

ಕಲ್ಲು ಕೆತ್ತುವ ಶಿಲ್ಪಿ ಒಳ್ಳೆಯ ಕಲ್ಲನ್ನು ಹುಡುಕಿಕೊಂಡು ಹೋಗುತ್ತಾನೆ. ಹಿಮದ ಶಿಲ್ಪಿ ಮೊದಲು ತನ್ನ ಕಲ್ಲನ್ನು ತಾನೇ ಮಾಡಿಕೊಳ್ಳಬೇಕು. ಬೀದಿಯ ಹಿಮ ಕೊಳೆಯಾಗಿರುತ್ತದೆ, ಅದು ಆಗದು. ಜನವರಿಯ ಮೊದಲ ವಾರಗಳಲ್ಲಿ ಊರಾಚೆಯಿಂದ ಶುಭ್ರ ಹಿಮ ಸಾವಿರಾರು ಲಾರಿ ಲೋಡುಗಳಲ್ಲಿ ಬರುತ್ತದೆ. ಮರದ ಹಲಗೆಗಳಿಂದ ದೊಡ್ಡ ಪೆಟ್ಟಿಗೆಯಂಥ ಚೌಕಟ್ಟು ಕಟ್ಟಿ, ಅದರೊಳಗೆ ಹಿಮ ಸುರಿದು ತುಳಿಯುತ್ತಾರೆ, ಮತ್ತೆ ಸುರಿಯುತ್ತಾರೆ, ಮತ್ತೆ ತುಳಿಯುತ್ತಾರೆ. ಹೊಸದಾಗಿ ಬಿದ್ದ ಹಿಮ ಹುಡಿಯಂತೆ ಉದುರುತ್ತದೆ. ತುಳಿದಾಗ ಕಣಕ್ಕೆ ಕಣ ತಾಗಿ, ತಾಗಿದ ಕಡೆ ನಿಧಾನವಾಗಿ ಬೆಸೆದುಕೊಳ್ಳುತ್ತದೆ. ಇದಕ್ಕೆ ಕರಗಿ ನೀರಾಗಬೇಕೆಂದೇನೂ ಇಲ್ಲ, ಸೊನ್ನೆಗಿಂತ ಕೆಳಗಿನ ಚಳಿಯಲ್ಲೇ ಬೆಸುಗೆ ನಡೆಯುತ್ತದೆ. ಹಲಗೆ ಬಿಚ್ಚಿದಾಗ ಒಳಗೆ ನಿಂತಿರುವುದು ಉಳಿಗೆ ಸಿಕ್ಕುವ ಗಟ್ಟಿ ಬಿಳಿ ಬಂಡೆ.

ಅದರ ಸುತ್ತ ಅಟ್ಟಣೆ ಕಟ್ಟಿಕೊಂಡು ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಬರುತ್ತಾರೆ. ಸಲಿಕೆ, ಕೊಡಲಿ, ಗರಗಸ, ಉಳಿ, ಇವು ಮುಖ್ಯ ಸಲಕರಣೆ. ಕೆತ್ತುತ್ತಿರುವುದು ಅರಮನೆಯಾದರೆ ಅದರ ಕಿಟಕಿ, ಕಂಬದ ಬೋದಿಗೆ, ಸೂರಿನ ಅಂಚಿನಂಥ ಸಣ್ಣ ಭಾಗಗಳನ್ನು ಬೇರೆಯಾಗಿ ಮಾಡಿಟ್ಟುಕೊಂಡು ಆಮೇಲೆ ಅಂಟಿಸುತ್ತಾರೆ. ಅಂಟು ಯಾವುದೆಂದರೆ ಅದೂ ಹಿಮವೇ! ಬಕೆಟ್ಟಿನಲ್ಲಿ ನಯವಾದ ಹಿಮಕ್ಕೆ ನೀರು ಬೆರೆಸಿ ಕಲಸಿದ, ಗಟ್ಟಿ ದೋಸೆಹಿಟ್ಟಿನ ಹದದ ಮಿಶ್ರಣ. ಇದಕ್ಕೆ ಜಪಾನೀಯರು 'ಕೆಶೋ ಯುಕಿ' ಎನ್ನುತ್ತಾರೆ, ಸಿಂಗಾರದ ಹಿಮ ಎಂದು ಅರ್ಥ. ಕೈಗವಸು ತೊಟ್ಟ ಅಂಗೈಯಲ್ಲಿ ಇದನ್ನು ತೆಗೆದುಕೊಂಡು, ಗೋಡೆಗೆ ಗಾರೆ ಸವರುವ ಹಾಗೆ ಇಡೀ ಪ್ರತಿಮೆಗೆ ಸವರುತ್ತಾರೆ. ಉಳಿಯ ಗೀರು, ಬಿರುಕು, ಕಪ್ಪು ಕಲೆ ಎಲ್ಲ ಅದರಡಿ ಮುಚ್ಚಿಹೋಗುತ್ತದೆ. ದೂರದಿಂದ ಅಮೃತಶಿಲೆಯಂತೆ ಕಾಣುವ ಆ ನುಣುಪು ಬೊಗಸೆ ಬೊಗಸೆಯಾಗಿ ಕೈಯಿಂದ ಹಚ್ಚಿದ್ದು.

ಬಿಸಿಲೇರಿದರೆ ಮೂಗು ಕರಗುತ್ತದೆ, ಹೊಸ ಹಿಮ ಬಿದ್ದರೆ ಕಣ್ಣು ಮುಚ್ಚಿಹೋಗುತ್ತದೆ. ಹಾಗಾಗಿ ಜನ ಮನೆಗೆ ಹೋದ ಮೇಲೆ, ರಾತ್ರಿಯಲ್ಲಿ, ಅದೇ ಕೈಗಳು ಬಂದು ಮತ್ತೆ ಸವರಿ ಸರಿಪಡಿಸುತ್ತವೆ. ಹಬ್ಬದ ಅಷ್ಟೂ ದಿನ ಈ ಆರೈಕೆ ನಡೆದೇ ಇರುತ್ತದೆ.

ಪಕ್ಕದ ಸುಸುಕಿನೊ ಬಡಾವಣೆಯಲ್ಲಿ ಮಂಜುಗಡ್ಡೆಯ ಶಿಲ್ಪಗಳಿರುತ್ತವೆ. ಮೀನು, ಏಡಿಗಳನ್ನು ಇಡಿಯಾಗಿ ಗಡ್ಡೆಯೊಳಗೆ ಹೆಪ್ಪುಗಟ್ಟಿಸಿ ನಿಲ್ಲಿಸುವುದು ಅಲ್ಲಿನ ವಿಶೇಷ. ಚೆಂದವೇ, ಆದರೆ ನನ್ನ ಮನಸ್ಸು ಒದೋರಿಯಲ್ಲೇ ನಿಲ್ಲುತ್ತದೆ. ಅಲ್ಲಿ ದೊಡ್ಡ ಅರಮನೆಗಳ ಆಚೆ ಆಳೆತ್ತರದ ಪುಟ್ಟ ಪ್ರತಿಮೆಗಳ ಸಾಲುಗಳಿರುತ್ತವೆ. ಅವು ಊರಿನವರ ಪಾಲು. ಕುಟುಂಬಗಳು, ಗೆಳೆಯರ ಗುಂಪುಗಳು, ಕಚೇರಿಯ ಸಹೋದ್ಯೋಗಿಗಳು ಒಂದೊಂದು ಹಿಮದ ತುಂಡು ಪಡೆದು ತಮಗೆ ತೋಚಿದ್ದನ್ನು ಕೆತ್ತುತ್ತಾರೆ. ಕೆಲವು ಸೊಟ್ಟಗಿರುತ್ತವೆ. 1950ರ ಆ ಶಾಲಾ ಮಕ್ಕಳ ನಿಜವಾದ ವಾರಸುದಾರರು ಇವರೇ ಎನ್ನುವುದು ನನ್ನ ಅನಿಸಿಕೆ.

2020ರ ಚಳಿಗಾಲದಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಒಂದು ಕಾಲಕ್ಕೆ ಹಿಮ ಸುರಿಯಲು ಜಾಗ ಸಾಲದಿದ್ದ ಊರು ದೂರದ ಪಟ್ಟಣಗಳಿಂದ ಹಿಮ ತರಿಸಿಕೊಂಡಿತು. ಮುಂದಿನ ಎರಡು ವರ್ಷ ಕೋವಿಡ್‌ನಿಂದಾಗಿ ಒದೋರಿಯಲ್ಲಿ ಜನ ಸೇರಲಿಲ್ಲ. 2023ರಲ್ಲಿ ಪ್ರತಿಮೆಗಳು ಮತ್ತೆ ಎದ್ದವು.

ಹಬ್ಬ ಪ್ರತಿವರ್ಷ ಫೆಬ್ರವರಿ ಮೊದಲ ಭಾಗದಲ್ಲಿ ಸುಮಾರು ಎಂಟು ದಿನ ನಡೆಯುತ್ತದೆ. ಒದೋರಿಗೆ ಪ್ರವೇಶ ಶುಲ್ಕವಿಲ್ಲ. ಮುಗಿದ ಮರುದಿನವೇ ಯಂತ್ರಗಳು ಬಂದು ಪ್ರತಿಮೆಗಳನ್ನು ಕೆಡವುತ್ತವೆ. ಅರೆಕರಗಿದ ಹಿಮ ಜನರ ಮೇಲೆ ಕುಸಿಯಬಾರದಲ್ಲ. ಕೆಡವುವುದನ್ನು ನೋಡಲೂ ಜನ ಸೇರುತ್ತಾರೆ. ಎಂದಾದರೂ ನೀವು ಹೋಗುವುದಾದರೆ ಜಾರದ ಬೂಟು ತೊಟ್ಟು ಹೋಗಿ, ದೀಪ ಹಚ್ಚಿದ ಮೇಲೆ ಒಂದು ಸುತ್ತು ನಡೆಯಿರಿ, ಹಿಂತಿರುಗುವ ಟಿಕೆಟ್ಟನ್ನು ಮಾತ್ರ ಆ ಮರುದಿನದ ಸಂಜೆಗೆ ಮಾಡಿಸಿ.