ಗಡೀಪಾರಿನ ನೋಟೀಸು ಬಂದರೆ

2025ನೆಯ ಇಸವಿ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಬೇಡಿ ತೊಡಿಸಿ ಕರೆತಂದು ಅಮೃತಸರದಲ್ಲಿ ಇಳಿಸಿತು. ಆ ಸುದ್ದಿ ಬಂದ ದಿನ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದೇ ಮಾತು: "ಅಲ್ಲಿ ಹಿಡಿದರೆ ಮುಗಿಯಿತು, ಕೇಳುವವರೇ ಇಲ್ಲ." ಮಗನನ್ನೋ ತಮ್ಮನನ್ನೋ ಅಲ್ಲಿಗೆ ಕಳುಹಿಸಿರುವ ಸದಸ್ಯರು ಸುಮ್ಮನೆ ಕುಳಿತಿದ್ದರು. ಅವರಿಗಾಗಿ ಈ ನಾಲ್ಕು ಮಾತು.

ಕೇಳುವವರೇ ಇಲ್ಲವೆಂಬುದು ಅರ್ಧ ಮಾತ್ರ ನಿಜ. ಗಡಿಯಲ್ಲೇ ಸಿಕ್ಕಿಬಿದ್ದವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸದೆಯೇ ಹಿಂದಕ್ಕೆ ಕಳುಹಿಸುವ ಶೀಘ್ರಕ್ರಮವನ್ನು 1996ರ ಕಾಯಿದೆ ತಂದಿತು. ಆದರೆ ವರ್ಷಗಟ್ಟಲೆ ಅಲ್ಲಿ ನೆಲೆಸಿದವರಿಗೆ ಸಾಮಾನ್ಯವಾಗಿ ವಿಚಾರಣೆಯುಂಟು. ಇದರ ಬೇರು 1903ರ ಒಂದು ತೀರ್ಪಿನಲ್ಲಿದೆ. ಜಪಾನಿನಿಂದ ಬಂದ ಯಾಮಾತಾಯ ಎಂಬ ಹುಡುಗಿಯ ಮೊಕದ್ದಮೆಯಲ್ಲಿ, ಒಳಗೆ ಬಂದವರನ್ನು ಅವರ ಮಾತು ಕೇಳದೆ ಹೊರಹಾಕಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ವಿಚಿತ್ರವೆಂದರೆ ಆಕೆ ಸೋತಳು. ಇಂಗ್ಲಿಷು ಬಾರದೆ ವಿಚಾರಣೆಯೇ ತನಗೆ ತಿಳಿಯಲಿಲ್ಲವೆಂದಳು. ಅದು ಆಕೆಯ ದುರದೃಷ್ಟವೆಂದರು ನ್ಯಾಯಮೂರ್ತಿಗಳು! ಈಗ ದುಭಾಷಿ ಬೇಕೆಂದು ಕೇಳಬಹುದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಲೇಬಾರದು.

ನೋಟೀಸಿನ ಆಪಾದನೆ ತಪ್ಪಾಗಿದ್ದರೆ ಒಪ್ಪಿಕೊಳ್ಳಬೇಕಾಗಿಲ್ಲ. ಹೆದರಿ ತಲೆಮರೆಸಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು: ಗೈರುಹಾಜರಾದರೆ ಏಕಪಕ್ಷೀಯವಾಗಿ ಗಡೀಪಾರಿನ ಹುಕುಂ ಆಗಬಹುದು. ಬಿಡಾರ ಬದಲಾಯಿಸಿದರೆ 5 ದಿನಗಳೊಳಗೆ ಕೋರ್ಟಿಗೆ ತಿಳಿಸಬೇಕು.

ಊರಿನಲ್ಲಿ ಧರ್ಮ, ಜನಾಂಗ, ರಾಜಕೀಯ ಅಭಿಪ್ರಾಯ ಮೊದಲಾದ ಕಾರಣದಿಂದ ಹಿಂಸೆಯ ಭಯವಿದ್ದವರು ಆಶ್ರಯ ಕೇಳಬಹುದು. ಅರ್ಜಿಯನ್ನು ಸಾಮಾನ್ಯವಾಗಿ ಬಂದ ಒಂದು ವರ್ಷದೊಳಗೆ ಕೊಡಬೇಕು. ಬಡತನ ಇದಕ್ಕೆ ಕಾರಣವಾಗದು. 10 ವರ್ಷ ಎಡೆಬಿಡದೆ ಇದ್ದು, ನಡತೆ ಚೆನ್ನಾಗಿದ್ದವರು ಗಡೀಪಾರಿನ ರದ್ದತಿ ಕೇಳಬಹುದು. ಆದರೆ ಇಲ್ಲಿ ಕಾನೂನು ಕಲ್ಲೆದೆಯದು. ಅರ್ಜಿದಾರ ತಾನು ಪಡುವ ಕಷ್ಟ ಲೆಕ್ಕಕ್ಕಿಲ್ಲ. ಅಲ್ಲಿನ ಪೌರರೋ ಕಾಯಂ ನಿವಾಸಿಗಳೋ ಆದ ಹೆಂಡತಿ, ಮಗು, ಇಲ್ಲವೆ ತಂದೆತಾಯಿಗೆ ಅಸಾಧಾರಣ ಸಂಕಟವಾಗುವುದೆಂದು ರುಜುಪಡಿಸಬೇಕು. ಮಗು ಅತ್ತೀತೆಂದರೆ ಸಾಲದು. ಮಗುವಿನ ಕಾಯಿಲೆಯ ದಾಖಲೆ, ಶಾಲೆಯ ಪತ್ರ, ತೆರಿಗೆಯ ರಸೀತಿಗಳನ್ನು ಮೊದಲೇ ಕೂಡಿಡಬೇಕು.

ಬೇರೆ ದಾರಿಯೇ ಇಲ್ಲದಿದ್ದರೆ ಸ್ವಂತ ಖರ್ಚಿನಲ್ಲಿ ತಾನಾಗಿ ಹೊರಡಲು ಅನುಮತಿ ಬೇಡಬಹುದು. ಗಡೀಪಾರಿನ ಕಳಂಕ ತಪ್ಪುತ್ತದೆ. ಹಾಗೆಂದು ಮರುವರ್ಷವೇ ವೀಸಾ ಸಿಕ್ಕೀತೆಂದು ನಂಬಬೇಡಿ: ವರ್ಷಕ್ಕಿಂತ ಹೆಚ್ಚು ಅಕ್ರಮವಾಗಿ ಇದ್ದು ಹೊರಟವರಿಗೆ 10 ವರ್ಷದ ತಡೆ ಬೇರೆ ಇದೆ.

ಈ ಮೊಕದ್ದಮೆಗಳಲ್ಲಿ ಸರ್ಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡುವುದಿಲ್ಲ. "ಎಲ್ಲ ನಾನು ನೋಡಿಕೊಳ್ಳುತ್ತೇನೆ" ಎನ್ನುವ ದಲ್ಲಾಳಿಗೆ ದುಡ್ಡು ಸುರಿಯುವ ಮೊದಲು ಅವನಿಗೆ ಸನದು ಇದೆಯೇ ಎಂದು ವಿಚಾರಿಸಿ. ಬೇರೆ ಕ್ರಿಮಿನಲ್ ಕೇಸಿದ್ದರೆ, ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವುಂಟೇ ಎಂಬುದನ್ನು ವಕೀಲರು ಕಕ್ಷಿದಾರನಿಗೆ ತಿಳಿಸಲೇಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಇಲ್ಲಿರುವ ನಾವು ಮಾಡಬಹುದಾದ ಕೆಲಸವೂ ಒಂದಿದೆ. ಅಲ್ಲಿಯ ವಲಸೆ ಇಲಾಖೆಯ ಕಾಗದಗಳ ಮೇಲೆ 'ಎ' ಅಕ್ಷರದಿಂದ ಮೊದಲಾಗುವ ಸಂಖ್ಯೆಯೊಂದಿರುತ್ತದೆ. ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ಹುಡುಗ ಸೆರೆಯಾದರೆ ಎಲ್ಲಿದ್ದಾನೆಂದು ಹುಡುಕುವುದಕ್ಕೂ, ವಿಚಾರಣೆಯ ತಾರೀಖು ತಿಳಿಯುವುದಕ್ಕೂ ಆ ಸಂಖ್ಯೆಯೇ ಬೇಕು.